ಬೆಂಕಿ ರೋಗದ ಮೇಡಂ

ಅವರು ಗಿಡ ಮುರಿಯುವುದನ್ನು ಮೊದಲ ಸಲ ನೋಡಿದಾಗ ನನಗೆ ಕೋಳಿಯ ಕತ್ತು ತಿರುವುವುದು ನೆನಪಾಗಿತ್ತು. ರಾಗಿ ಪೈರಿನ ಬುಡವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ತೆನೆಯ ಕೆಳಗೆ ಒಂದು ಸಲ ತಿರುವಿ, ಲಟಕ್ಕನೆ ಮುರಿದು ಹಿಂದಕ್ಕೆ ಎಸೆಯುವರು. ಎಸೆದದ್ದನ್ನು ತಿರುಗಿ ನೋಡುತ್ತಿರಲಿಲ್ಲ. ಬೆಳಗಿನಿಂದ ಸಾಲು ಸಾಲು ಹೀಗೆ ಮುರಿದು, ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿ, ಅದೇ ಕೈಯಲ್ಲಿ ಮುದ್ದೆ ಮುರಿಯುವರು. “ಅಷ್ಟು ಚೆನ್ನಾಗಿ ಬೆಳೆದಿತ್ತಲ್ಲ ಮೇಡಂ” ಎಂದು ನಾನು ಮರುಗಿದರೆ, “ಚೆನ್ನಾಗಿ ಬೆಳೆದು ರೋಗ ತಗೊಂಡ್ರೆ ಏನ್ ಬಂತು? ಸಾಯ್ಲಿ” ಅನ್ನುವರು. ‘ಸಾಯ್ಲಿ’ ಎಂಬ ಮಾತನ್ನು ಅವರಷ್ಟು ಸಲೀಸಾಗಿ ಆಡಿದವರನ್ನು ನಾನು ಕಂಡಿಲ್ಲ.

ಹೋದ ತಿಂಗಳು ಹಳೇಬೀಡಿನಲ್ಲಿ, ಕೆರೆಯ ಆಚೆ ಅವರ ತಂದೆಯ ಹೊಲದಲ್ಲಿ, ಅವರನ್ನು ಮಣ್ಣು ಮಾಡಿ ಬಂದೆವು. ನಿವೃತ್ತಿಯಾಗಿ ಬಹಳ ಕಾಲ ಆಗಿರಲಿಲ್ಲ. ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತ ನಿಂತವರು ಹಾಗೇ ಕುಸಿದರಂತೆ. ತಲೆಯೊಳಗೆ ರಕ್ತನಾಳ ಒಡೆದಿತ್ತು ಅಂದರು ಡಾಕ್ಟರು. ಹಳೇ ಪೆಟ್ಟಿಗೂ ಇದಕ್ಕೂ ಸಂಬಂಧ ಇದೆಯೇ ಎಂದು ನಾನು ಕೇಳಿದೆ. ಇಲ್ಲ ಅಂದರು. ಅವರ ತಲೆಗೆ ಆ ಪೆಟ್ಟು ಬಿದ್ದಾಗ ನಾನು ಪಕ್ಕದಲ್ಲೇ ಇದ್ದೆ, ಅದಕ್ಕೇ ಕೇಳಿದ್ದು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ, ಆ ಪೆಟ್ಟು ಬಿದ್ದ ದಿನದ ಗಲಾಟೆಯ ಸುದ್ದಿ ಪೇಪರಿನಲ್ಲಿ ಓದಿದವರಿಗೆ ಅದೊಂದೇ ನೆನಪಾಗುತ್ತದೆ. ಬಾಣಾವರದ ಸುತ್ತಿನ ಹಳ್ಳಿಗಳಲ್ಲಂತೂ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ‘ಬೆಂಕಿ ರೋಗದ ಮೇಡಂ’. ರಾಗಿಗೆ ಬರುವ ಬೆಂಕಿ ರೋಗ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ್ದಲ್ಲ. ತೆನೆ ಒಡೆಯುವ ಹೊತ್ತಿಗೆ ಒಂದು ವಾರ ಮೋಡ ಮುಚ್ಚಿ, ಬೆಳಗಿನ ಮಂಜು ಇಳಿದರೆ ಸಾಕು. ತೆನೆಯ ಕತ್ತು ಕಪ್ಪಾಗುತ್ತದೆ, ಬಾಗುತ್ತದೆ, ಕಾಳೆಲ್ಲ ಜೊಳ್ಳಾಗುತ್ತದೆ. ದೂರದಿಂದ ನೋಡಿದರೆ ಹೊಲಕ್ಕೆ ಯಾರೋ ಕೊಳ್ಳಿ ಇಟ್ಟು ಹೋದ ಹಾಗೆ. ಅದು ಒಂದು ಬೂಷ್ಟಿನ ಕೆಲಸ. ಆ ಬೂಷ್ಟನ್ನು ಅವರು ಶತ್ರುವಿನ ಹಾಗೆ ದ್ವೇಷಿಸುತ್ತಿದ್ದರು, ಮಗುವಿನ ಹಾಗೆ ಸಾಕುತ್ತಲೂ ಇದ್ದರು.

ಸಾಕುವುದು ಅಂದರೆ ನಿಜವಾಗಿ ಸಾಕುವುದೇ. ಅವರು ವಿಜ್ಞಾನಿಯಾಗಿದ್ದ ಸಂಶೋಧನಾ ಕೇಂದ್ರದ ಒಂದು ಕೋಣೆಯಲ್ಲಿ ಗಾಜಿನ ತಟ್ಟೆಗಳಲ್ಲಿ ಆ ಬೂಷ್ಟು ಬೆಳೆಯುತ್ತಿತ್ತು. ಯಾವ ಗಿಡ ತಡೆದುಕೊಳ್ಳುತ್ತದೆಂದು ನೋಡಲು ಅದನ್ನು ನೀರಿಗೆ ಕಲಸಿ, ಪಂಪು ಬೆನ್ನಿಗೆ ಹಾಕಿಕೊಂಡು, ತಾವೇ ನಾಟಿ ಮಾಡಿದ ಎಳೇ ಪೈರಿನ ಮೇಲೆ ತಾವೇ ಸಿಂಪಡಿಸುವರು. ಮೇಲೆ ಒದ್ದೆ ಗೋಣಿ ಹೊದಿಸಿ ಸೆಕೆ ಕಟ್ಟುವರು. ಆಮೇಲೆ ಗೋಣಿ ಎತ್ತಿದರೆ ಹಸುರಾಗಿದ್ದ ಮಡಿಯೆಲ್ಲ ಸುಟ್ಟು ಮಲಗಿರುತ್ತಿತ್ತು. ಅಲ್ಲೊಂದು ಇಲ್ಲೊಂದು ಗಿಡ ಮಾತ್ರ ಎದ್ದು ನಿಂತಿರುತ್ತಿತ್ತು. ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, “ಬದುಕಿದ್ಯೇನೇ?” ಎಂದು ಕೇಳುವರು. ಅವರ ದನಿ ಮೆತ್ತಗಾಗಿದ್ದನ್ನು ನಾನು ಕೇಳಿರುವುದು ಅಲ್ಲಿ ಮಾತ್ರ.

ನಾನು ಆಗ ಅರಸೀಕೆರೆಯ ಕೃಷಿ ಇಲಾಖೆಯಲ್ಲಿದ್ದೆ. ಅವರ ಪ್ರಯೋಗಕ್ಕೆ ರೈತರ ಹೊಲ ಹುಡುಕಿಕೊಡುವುದು, ಅವರಿಗೂ ಹಳ್ಳಿಗೂ ನಡುವೆ ಮಾತಿನ ಕೊಂಡಿಯಾಗಿರುವುದು ನನ್ನ ಪಾಲಿಗೆ ಬಂದ ಕೆಲಸ. ಅವರ ಜೊತೆ ಓಡಾಡುವುದು ಸುಲಭವಿರಲಿಲ್ಲ. ಒಮ್ಮೆ ಬಾಣಾವರದ ಕಡೆಯ ರೈತನೊಬ್ಬನ ರಾಗಿ ಬೆಂಕಿ ರೋಗಕ್ಕೆ ಹೋಗಿತ್ತು. ಔಷಧಿ ಹೊಡೆದರೂ ನಿಂತಿರಲಿಲ್ಲ. ಉಳಿದಿದ್ದ ಡಬ್ಬಿ ತರಿಸಿ ನೋಡಿದ ಮೇಡಂ, ನನ್ನನ್ನು ಜೀಪಿಗೆ ಹತ್ತಿಸಿಕೊಂಡು ಸೀದಾ ಅರಸೀಕೆರೆ ಪೇಟೆಯಲ್ಲಿ ಅದನ್ನು ಮಾರಿದ ಅಂಗಡಿಗೆ ಬಂದರು. ಗಲ್ಲಾದ ಮೇಲೆ ಡಬ್ಬಿ ಕುಕ್ಕಿ ಮುಚ್ಚಳ ತೆಗೆದರು.

“ಇದು ಔಷಧೀನೋ, ಬಣ್ಣದ ನೀರೋ?”

“ಔಷಧೀನೇ ಮೇಡಂ, ಕಂಪನಿ ಮಾಲು” ಅಂದ ಅಂಗಡಿಯವನು.

“ಬಣ್ಣದ ನೀರು ಆದ್ರೆ ಕುಡಿದುಬಿಡು, ಏನೂ ಆಗಲ್ಲ. ಔಷಧಿ ಆದ್ರೆ ಬೇಡ, ಸಾಯ್ತೀಯ. ನೀನೇ ಹೇಳು.”

ಅವನು ಬೆವರುತ್ತ ನನ್ನ ಮುಖ ನೋಡಿದ. ಡಬ್ಬಿ ಮುಟ್ಟಲಿಲ್ಲ. ಅವರು ಡಬ್ಬಿ ಎತ್ತಿ ಅವನ ತಲೆಯ ಮೇಲೆ ಪೂರ್ತಿ ಸುರಿದು, ಖಾಲಿ ಡಬ್ಬಿಯಿಂದ ಕಪಾಳಕ್ಕೆ ಒಂದು ಬಿಟ್ಟು, ಮೆಟ್ಟಿಲಿಳಿದು ಬಂದರು. ಕೊಬ್ಬರಿ ಚೀಲ ಹೊರುತ್ತಿದ್ದ ಹಮಾಲರೆಲ್ಲ ಚೀಲ ಇಳಿಸಿ ನಿಂತು ನೋಡುತ್ತಿದ್ದರು. ನೀಲಿ ನೀರು ಅವನ ಬಿಳಿ ಅಂಗಿಯ ಮೇಲೆ ಇಳಿಯುತ್ತಿತ್ತು. ಅವರ ಮೇಲೆ ದೂರು ಹೋಯಿತು, ಮೇಲಿನಿಂದ ಕಾರಣ ಕೇಳಿ ನೋಟೀಸು ಬಂತು. “ಹೊಡೆದಿದ್ದು ನಿಜ” ಎಂದು ಒಂದೇ ಸಾಲಿನ ಉತ್ತರ ಕಳಿಸಿದರು.

ಇಷ್ಟೊಂದು ಸಿಟ್ಟು ಎಲ್ಲಿಂದ ತಂದಿರಿ ಎಂದು ಒಮ್ಮೆ ಜೀಪಿನಲ್ಲಿ ಕೇಳಿಬಿಟ್ಟೆ. ಅವರು ನಕ್ಕರು. “ನಮ್ಮೂರಿನ ಗುಡಿ ಗೋಡೆ ನೋಡಿದ್ದೀರಲ್ಲ. ಪ್ರವಾಸಿಗರು ಬಂದು, ಆಹಾ ಎಷ್ಟು ನಾಜೂಕು ಅಂತಾರೆ. ಹತ್ರ ಹೋಗಿ ನೋಡಿ. ತಲೆ ಕಡಿಯೋದು, ಕರುಳು ಬಗಿಯೋದು, ಆನೆ ಕಾಲ್ಕೆಳಗೆ ಹಾಕೋದು. ಸ್ಕೂಲು ಬಿಟ್ಟ ಮೇಲೆ ಅದನ್ನೇ ನೋಡ್ತಾ ಕೂತಿರ್ತಿದ್ದೆ ನಾನು.” ಆಮೇಲೆ ಮನೆಯ ವಿಷಯ ಹೇಳಿದರು. ಅವರ ತಂದೆ ಎತ್ತಿಗೆ ಹೊಡೆಯುವ ಬಾರುಕೋಲಿನಲ್ಲೇ ಹೆಂಡತಿಗೂ ಹೊಡೆಯುತ್ತಿದ್ದ. ಇವರು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ, ಅಪ್ಪ ಕೈಯೆತ್ತಿದ ಹೊತ್ತಿಗೆ ಗುದ್ದಲಿ ಕಾವು ತೆಗೆದುಕೊಂಡು ಆ ತೋಳಿಗೆ ಬಿಟ್ಟರು. ಮೂಳೆ ಮುರಿದ ಸದ್ದು ಕೇಳಿಸಿತಂತೆ. ತಾವೇ ಅಪ್ಪನನ್ನು ಹಾಸನದ ಬಸ್ಸು ಹತ್ತಿಸಿ, ಆಸ್ಪತ್ರೆಗೆ ಕರೆದೊಯ್ದು, ಕಟ್ಟು ಹಾಕಿಸಿಕೊಂಡು ಬಂದರು.

“ಆಮೇಲೆ ಅವರು ಹೊಡೆಯೋದು ಬಿಟ್ಟರಾ?”

“ಬಿಟ್ಟರು. ಕೈ ಮೇಲಕ್ಕೇಳ್ತಿರಲಿಲ್ಲ.”

ಇಂಥವರು ಮಾಡುತ್ತಿದ್ದ ಕೆಲಸ ಮಾತ್ರ ಕಣ್ಣಿಗೆ ಕಾಣದಷ್ಟು ಸೂಕ್ಷ್ಮದ್ದು. ಜೀನ್ ತಿದ್ದುವುದು. ರಾಗಿಯ ಒಳಗೇ ಇರುವ ಒಂದು ಜೀನು ಆ ಬೂಷ್ಟಿಗೆ ಒಳಗೆ ಬರಲು ದಾರಿ ಮಾಡಿಕೊಡುತ್ತದೆ. ಆ ಒಂದು ಜೀನನ್ನು ಆಯ್ದ ಜಾಗದಲ್ಲಿ ಕತ್ತರಿಸಿ ಕೆಡಿಸಿದರೆ ಬೂಷ್ಟು ಹೊರಗೇ ಉಳಿದು ಸಾಯುತ್ತದೆ. ಕತ್ತರಿಸುವ ಸಾಧನವನ್ನು ಮೊದಲು ಹೊರಗಿನಿಂದಲೇ ಗಿಡದೊಳಕ್ಕೆ ಕಳಿಸಬೇಕು. ಅದು ಕೆಲಸ ಮುಗಿಸಿದ ಮೇಲೆ, ಮುಂದಿನ ತಲೆಮಾರಿನ ಗಿಡಗಳಲ್ಲಿ ಆ ಸಾಧನ ಇಲ್ಲದವನ್ನು ಮಾತ್ರ ಆರಿಸಿ ಉಳಿಸಿಕೊಳ್ಳಬೇಕು. ಆಗ ಗಿಡದಲ್ಲಿ ಹೊರಗಿನದು ಏನೂ ಇರುವುದಿಲ್ಲ, ಒಳಗಿನ ಒಂದು ಗಾಯ ಮಾತ್ರ ಇರುತ್ತದೆ. ಇದನ್ನು ಅವರು ನನಗೆ ಎಷ್ಟೋ ಸಲ ಹೇಳಿದ್ದರಿಂದ ಈಗಲೂ ನೆನಪಿದೆ.

ಪ್ರಯೋಗಕ್ಕೆ ಹೊಲ ಕೊಟ್ಟವನು ಬಾಣಾವರದ ಒಳಗಿನ ಒಂದು ಹಳ್ಳಿಯ ನಂಜಪ್ಪ. ಮಾತು ಕಡಿಮೆ, ಹಸು ಸಾಕಿದವನು, ಹಾಲು ಕರೆಯುವುದರಲ್ಲಿ ಊರಿಗೇ ಹೆಸರಾದವನು. ಒದೆಯುವ ಹಸುವಿದ್ದರೆ ಪಕ್ಕದ ಊರಿನವರೂ ಅವನನ್ನೇ ಕರೆಯುತ್ತಿದ್ದರು. ಹೊಲದ ಸುತ್ತ ಬಲೆ ಕಟ್ಟಿಸಿ, ಬೀಗ ಹಾಕಿಸಿ, ಬಿತ್ತುವ ಮೊದಲು ಊರಿನವರಿಗೆ ತಿಳಿಸಬೇಕೆಂದು ಹಾಲಿನ ಡೈರಿಯ ಮುಂದೆ ಎಲ್ಲರನ್ನೂ ಸೇರಿಸಿದೆವು. ಮೇಡಂ ಹೇಳಿದರು. ಜನ ಕೇಳಿದರು. ಕೊನೆಗೆ ಟ್ರಾಕ್ಟರ್ ತಮ್ಮಯ್ಯ ಎದ್ದು ನಿಂತ. ಊರಲ್ಲಿ ಹೆಚ್ಚು ಜಮೀನು, ಹೆಚ್ಚು ದನ, ಹೆಚ್ಚು ಮಾತು ಅವನದೇ.

“ಇಂಗ್ಲೀಸು ಬೇಡ ಮೇಡಮ್ಮ. ಹೊರಗಿನ ವಿಷ ಗಿಷ ಏನಾರ ತುರುಕಿದ್ದೀರಾ ಇಲ್ವಾ, ಅಷ್ಟು ಹೇಳಿ.”

“ಇಲ್ಲ.”

“ಆಣೆ ಇಡಿ.”

ಅವರು ಒಂದು ಕ್ಷಣ ತಡೆದರು. ಆಮೇಲೆ ಅಂದರು: “ನಮ್ಮ ತಾಯಾಣೆ. ಹೊರಗಿನದು ಒಂದು ಚೂರೂ ಇದರಲ್ಲಿಲ್ಲ.”

ಆ ವರ್ಷ ರಾಗಿ ಎದೆಯೆತ್ತರ ಬಂದು, ತೆನೆ ಹಾಲುಗಟ್ಟಿತ್ತು. ಆಗ ತಮ್ಮಯ್ಯನ ಎರಡು ಹಸು ಒಂದೇ ಬೆಳಿಗ್ಗೆ ಸತ್ತವು. ನಿಂತಲ್ಲೇ ನಡುಗಿ, ಬಾಯಲ್ಲಿ ನೊರೆ ಬಂದು, ಕಾಲು ಝಾಡಿಸಿ ಬಿದ್ದವಂತೆ. ಬಲೆಯ ಸಂದಿಯಿಂದ ಬಾಯಿ ಹಾಕಿ ಒಳಗಿನ ರಾಗಿ ತಿಂದೇ ಸತ್ತಿದ್ದು ಎಂದು ಊರೆಲ್ಲ ಸುದ್ದಿಯಾಯಿತು. ಆವತ್ತು ಮೇಡಂ, ನಾನು, ನಂಜಪ್ಪ ಮೂವರೂ ಹೊಲದಲ್ಲೇ ಇದ್ದೆವು. ನಡುಮಧ್ಯಾಹ್ನ ಟ್ರಾಕ್ಟರ್ ಸದ್ದು ಕೇಳಿ ತಲೆಯೆತ್ತಿದರೆ, ಟ್ರೈಲರಿನಲ್ಲಿ ಎರಡೂ ಹಸುವಿನ ಹೆಣ ಹೇರಿಕೊಂಡು ತಮ್ಮಯ್ಯ ಬರುತ್ತಿದ್ದ. ಹಿಂದೆ ಅರ್ಧ ಊರು. ಕೈಯಲ್ಲಿ ದೊಣ್ಣೆ, ಹಾರೆ, ಕುಡುಗೋಲು.

“ನೋಡು ಬಾರಮ್ಮೀ, ನಿನ್ನ ರಾಗಿ ಮಾಡಿರೋ ಕೆಲ್ಸ!” ಎಂದು ತಮ್ಮಯ್ಯ ಕೂಗಿದ.

ನಾನು ಅವರ ತೋಳು ಹಿಡಿದು, “ಮೇಡಂ, ಜೀಪು ಹತ್ತಿ” ಅಂದೆ. ಅವರು ಕೊಸರಿಕೊಂಡು, ಬದುವಿನ ಮೇಲಿದ್ದ ಕುಡುಗೋಲು ಎತ್ತಿಕೊಂಡು, ಸೀದಾ ಹೋಗಿ ಟ್ರೈಲರ್ ಹತ್ತಿದರು. ಹಸುವಿನ ಬಾಯಿ ಬಿಡಿಸಿ ನಾಲಿಗೆ ಎಳೆದು ನೋಡಿದರು. ಕಿವಿಯ ತುದಿ ಕೊಯ್ದು ರಕ್ತ ನೋಡಿದರು. “ಕೆಂಪಗಿದೆ ನೋಡ್ರೋ, ದಾಸವಾಳದ ಹಂಗೆ! ಇದು ಜೋಳದ ವಿಷ. ಕೊಯ್ದ ಜೋಳದ ಕೂಳೆ ಚಿಗುರಿರುತ್ತಲ್ಲ, ಅದನ್ನ ತಿಂದಿವೆ. ನಿಮಗೇ ಗೊತ್ತಿರೋ ವಿಷಯ ಕಣ್ರೋ!” ಎಂದು ಕೂಗಿದರು. ಜೋಳದ ಕೂಳೆಯ ಎಳೇ ಚಿಗುರು ತಿಂದು ದನ ಸಾಯುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತಮ್ಮಯ್ಯನಿಗೂ ಗೊತ್ತಿರಬೇಕು. ಆದರೆ ಹಸು ಬೇರೆಯವರ ಜೋಳಕ್ಕೆ ನುಗ್ಗಿತ್ತು ಎಂದು ಊರ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಬಲೆಯೊಳಗಿನ ರಾಗಿ ಅವನಿಗೆ ಹತ್ತಿರವಾಗಿತ್ತು.

“ಸುಳ್ಳು ಬೊಗಳ್ತಾಳೆ!” ಅಂದ.

ಆಗ ಅವರು ಮಾಡಬಾರದ ಕೆಲಸ ಮಾಡಿದರು. ಕುಡುಗೋಲನ್ನು ಹಸುವಿನ ಎಡ ಪಕ್ಕೆಗೆ ಹಾಕಿ ಉದ್ದಕ್ಕೆ ಸೀಳಿದರು. ಹೊಟ್ಟೆಯ ಗಾಳಿ ಬುಸ್ಸನೆ ಹೊರಬಂತು. ಮೊಣಕೈವರೆಗೆ ಕೈ ತೂರಿಸಿ, ಒಳಗಿನಿಂದ ಒಂದು ಹಿಡಿ ಹಸುರು ಎಳೆದು ಮೇಲೆತ್ತಿ ಹಿಡಿದರು. ರಕ್ತವೂ ಸಗಣಿಯೂ ಅವರ ತೋಳಿನಿಂದ ಸುರಿಯುತ್ತಿತ್ತು. “ನೋಡ್ರೋ! ಇದು ರಾಗೀನಾ? ಕಣ್ಣಿದ್ರೆ ನೋಡ್ರೋ! ಜೋಳ!”

ಅದು ಜೋಳವೇ. ನಾನು ನೋಡಿದೆ. ಅಗಲ ಎಲೆಯ ಜೋಳದ ಚಿಗುರು. ಆದರೆ ಅಲ್ಲಿ ಯಾರೂ ಎಲೆ ನೋಡುತ್ತಿರಲಿಲ್ಲ. “ಹಸೂನ ಹೊಟ್ಟೆ ಬಗಿದ್ಳು!” ಎಂದು ಒಂದು ಹೆಂಗಸಿನ ದನಿ ಕಿರುಚಿತು. ಮೊದಲ ಕಲ್ಲು ಅವರ ಎಡಗಿವಿಯ ಮೇಲೆ ಬಿತ್ತು. ಅವರು ಟ್ರೈಲರಿನಿಂದ ತಲೆಕೆಳಗಾಗಿ ಉರುಳಿದರು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ನನ್ನ ಪಕ್ಕೆಗೆ ದೊಣ್ಣೆ ಬಿದ್ದು ಉಸಿರು ನಿಂತದ್ದು. ಬಲೆಯ ಕಂಬಗಳು ಪಟಪಟನೆ ಮುರಿದದ್ದು. ಹೆಣ ಹೇರಿದ ಟ್ರೈಲರಿನ ಸಮೇತ ಟ್ರಾಕ್ಟರು ರಾಗಿಯೊಳಕ್ಕೆ ನುಗ್ಗಿ, ಹಿಂದಕ್ಕೆ ಮುಂದಕ್ಕೆ ತಿರುಗಿದ್ದು. ಹಾಲುಗಟ್ಟಿದ ತೆನೆ ಚಕ್ರದ ಕೆಳಗೆ ಸಿಕ್ಕಿ ಮಣ್ಣೆಲ್ಲ ಬೆಳ್ಳಗಾದದ್ದು. ಜೀಪಿನ ಗಾಜು. ಯಾರೋ ನನ್ನ ಬೆನ್ನ ಮೇಲೆ ಕಾಲಿಟ್ಟು ಓಡಿದ್ದು. ಮೇಡಂ ಮಾತ್ರ ಎದ್ದು ನಿಂತಿದ್ದರು. ಮುಖವೆಲ್ಲ ರಕ್ತ, ಕಣ್ಣು ಮುಚ್ಚಿಹೋಗಿತ್ತು. ಕುಡುಗೋಲು ಬಿಟ್ಟಿರಲಿಲ್ಲ. “ಬರ್ರೋ! ಬರ್ರೋ!” ಎಂದು ಗಾಳಿಗೆ ಬೀಸುತ್ತಿದ್ದರು. ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಟ್ರಾಕ್ಟರು ಅವರ ಕಡೆಗೇ ತಿರುಗಿತು.

ಹತ್ತಿರ ಹೋದವನು ನಂಜಪ್ಪ ಒಬ್ಬನೇ. ಹಿಂದಿನಿಂದ ಓಡಿಬಂದು, ಸೊಂಟ ತಬ್ಬಿ, ಚಕ್ರದ ದಾರಿಯಿಂದ ಅವರನ್ನು ಪಕ್ಕಕ್ಕೆ ಎಳೆದ. ಯಾರು ಹಿಡಿದರೆಂದು ಅವರಿಗೆ ಕಾಣಲಿಲ್ಲ. ಕುಡುಗೋಲನ್ನು ಹಿಂದಕ್ಕೆ ಬೀಸಿದರು. ನಂಜಪ್ಪ ಬಲಗೈ ಅಡ್ಡ ಕೊಟ್ಟ. ಹೆಬ್ಬೆರಳು ಮತ್ತು ಪಕ್ಕದ ಬೆರಳು ಹೋದವು. ಅವನು ಕೂಗಲಿಲ್ಲ, “ನಾನು ಕಣಮ್ಮ, ನಾನು” ಅಂದ, ಅಷ್ಟೇ. ಆ ದನಿ ಕೇಳಿ ಅವರು ಕುಡುಗೋಲು ಬಿಟ್ಟರು. ಜನ ಅವನ ಕೈ ನೋಡಿ ಹಿಂದೆ ಸರಿದರು. ಟ್ರಾಕ್ಟರಿನ ಎಂಜಿನ್ ನಿಂತಿತು. ಮಣ್ಣಿನಲ್ಲಿ ಮಂಡಿಯೂರಿ, ತುಳಿದ ಪೈರಿನೊಳಗೆ ಕೈಯಾಡಿಸುತ್ತ ಮೇಡಂ ಆ ಬೆರಳುಗಳನ್ನು ಹುಡುಕುತ್ತಿದ್ದರು. ಸಿಕ್ಕವು. ಆದರೆ ಆಸ್ಪತ್ರೆಯಲ್ಲಿ ಜೋಡಿಸಲು ಆಗಲಿಲ್ಲ.

ಅರಸೀಕೆರೆಯ ಆಸ್ಪತ್ರೆಗೆ ಪೊಲೀಸರು ಬಂದಾಗ ನಂಜಪ್ಪ, “ಗಲಾಟೇಲಿ ಯಾರ್ದೋ ಕುಡುಗೋಲು ತಗುಲ್ತು” ಎಂದು ಹೇಳಿದ. ಆಚೆ ಮಂಚದಲ್ಲಿ ತಲೆಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಮೇಡಂ ಎದ್ದು ಕೂತು, “ಯಾರದೋ ಅಲ್ಲ. ನಾನೇ ಕಡಿದಿದ್ದು. ಬರ್ಕೊಳ್ಳಿ” ಅಂದರು. ನಂಜಪ್ಪ ಗೋಡೆಯ ಕಡೆ ಹೊರಳಿಕೊಂಡ. ಆಮೇಲೆ ಅವರ ಮೇಲೂ ಕೇಸಾಯಿತು, ತಮ್ಮಯ್ಯನ ಕಡೆಯವರ ಮೇಲೂ ಆಯಿತು. ಬಹಳ ಓಡಾಟದ ಮೇಲೆ ಎರಡೂ ಕಡೆ ರಾಜಿಯಾಯಿತು. ಅವರ ಎಡಗಿವಿ ಅಂದಿನಿಂದ ಕೇಳಿಸಲಿಲ್ಲ.

ಅವರು ನಂಜಪ್ಪನ ಮನೆಗೆ ಹೋಗುವುದನ್ನು ಬಿಡಲಿಲ್ಲ. ಮೊದಲ ಸಲ ಹೋದಾಗ ನಾನೂ ಇದ್ದೆ. ನಂಜಪ್ಪನ ಹೆಂಡತಿ ಗೌರಮ್ಮ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಗಂಡ ಕರೆಯುತ್ತಿದ್ದ ಹಸು ಅವಳಿಗೆ ಒಗ್ಗದೆ ಒದ್ದು ಪಾತ್ರೆ ಉರುಳಿಸಿತ್ತು. ಇವರನ್ನು ಕಂಡವಳೇ, ಅಲ್ಲಿದ್ದ ಗಂಜಲದ ಬಕೆಟ್ಟು ಎತ್ತಿ ಎರಚಿದಳು. “ಇನ್ನೇನ್ ಉಳಿದೈತೆ ಕಡಿಯಕ್ಕೆ? ಬಾ, ಒಳೀಕ್ ಬಾ, ಇನ್ನೊಂದ್ ಕೈ ಐತೆ!” ಮೇಡಂ ಮುಖ ಒರೆಸಿಕೊಳ್ಳದೆ ಅಂಗಳದಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ನಂಜಪ್ಪ ಬಾಗಿಲಿಗೆ ಬರಲಿಲ್ಲ. ಮತ್ತೆ ಹೋದರು, ಮತ್ತೆ ಬೈಸಿಕೊಂಡರು. ಕೊನೆಗೆ ಗೌರಮ್ಮ ಬೈಯುವುದನ್ನು ಬಿಟ್ಟಳು, ಆದರೆ ಒಳಗೆ ಕರೆಯಲಿಲ್ಲ.

ಟ್ರಾಕ್ಟರು ತುಳಿದ ಹೊಲದಿಂದ ಒಂದಷ್ಟು ತೆನೆ ಆಯ್ದು ತಂದಿದ್ದೆವು. ಅವನ್ನು ಅವರು ಮತ್ತೊಮ್ಮೆ ಪರೀಕ್ಷೆಗೆ ಹಾಕಿದರು. ಹಾಕಿ ಎಂದು ಯಾರೂ ಹೇಳಿರಲಿಲ್ಲ, ಮೊದಲ ಪರೀಕ್ಷೆಗಳು ಎಲ್ಲ ಸರಿಯಾಗಿಯೇ ಬಂದಿದ್ದವು. ಒಂದು ದಿನ ನನ್ನನ್ನು ಕೇಂದ್ರಕ್ಕೆ ಕರೆಸಿದರು.

“ನಾವು ಬಿತ್ತಿದ್ದ ತಳಿಗಳಲ್ಲಿ ಒಂದರೊಳಗೆ ತುಂಡು ಉಳಿದುಬಿಟ್ಟಿದೆ ಕಣ್ರೀ.”

“ಯಾವ ತುಂಡು ಮೇಡಂ?”

“ಹೊರಗಿಂದ ಹಾಕಿದ್ವಲ್ಲ, ಕತ್ತರಿಸೋ ಸಾಧನ, ಅದರದ್ದು. ನಮ್ಮ ಪರೀಕ್ಷೆ ಇಡೀದನ್ನ ಹುಡುಕ್ತಿತ್ತು. ಇದು ಮುರಿದ ಚೂರು. ಕಣ್ಣು ತಪ್ಪಿಸಿ ಕೂತಿತ್ತು.”

ಅದರಿಂದ ಯಾರಿಗಾದರೂ ಅಪಾಯವಿತ್ತೇ ಎಂದು ಕೇಳಿದೆ. ಬಹುಶಃ ಇಲ್ಲ, ಆ ಚೂರು ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ ಅಂದರು. “ಆದ್ರೆ ನಾನು ಅಪಾಯ ಇಲ್ಲ ಅಂತ ಆಣೆ ಇಟ್ಟಿರಲಿಲ್ಲ. ಒಂದು ಚೂರೂ ಇಲ್ಲ ಅಂತ ಇಟ್ಟಿದ್ದೆ.”

ಕೇಂದ್ರದ ಹೊಲದಲ್ಲಿ ಅದೇ ತಳಿಯ ಇನ್ನೊಂದು ಮಡಿ ಬೆಳೆದು ನಿಂತಿತ್ತು. ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ, ಬೂಷ್ಟಿಗೆ ಒಂದು ಎಲೆಯನ್ನೂ ಬಿಟ್ಟುಕೊಡದ ತಳಿ. ಕೂಲಿಯವರನ್ನು ಕರೆಯದೆ ತಾವೇ ಒಳಗೆ ನುಗ್ಗಿ ಕಿತ್ತರು. ಆವತ್ತು ಕತ್ತು ತಿರುವಲಿಲ್ಲ, ಬುಡಸಮೇತ ಕಿತ್ತರು. ರಾಗಿಯ ಎಲೆ ಕೊಯ್ದು ಅಂಗೈಯೆಲ್ಲ ರಕ್ತವಾದರೂ ಬಿಡಲಿಲ್ಲ. ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟರು. ಹಸಿ ಪೈರು ಸುಲಭಕ್ಕೆ ಹತ್ತದೆ ದಟ್ಟ ಹೊಗೆ ಎದ್ದಿತು. ಅವರು ಕೆಮ್ಮುತ್ತ, ಕೋಲಿನಲ್ಲಿ ಬೆಂಕಿಯನ್ನು ಬಡಿಯುತ್ತ, “ಉರಿ! ಉರಿ ಮುಂಡೇದೇ!” ಎಂದು ಬೈಯುತ್ತಿದ್ದರು. ಬೀಜ, ಎಲೆ, ಬೇರು, ಫ್ರಿಜ್ಜಿನಲ್ಲಿದ್ದ ಕೊಳವೆಗಳು, ಎಲ್ಲವನ್ನೂ ನಾಶಮಾಡಿ ಮೇಲಿನವರಿಗೆ ವರದಿ ಕಳಿಸಿದರು. ಊರಿಗೆ ಹೇಳುವುದು ಬೇಡ, ಗಲಾಟೆ ತಣ್ಣಗಾಗಿದೆ ಎಂದು ಮೇಲಿನವರು ಬುದ್ಧಿ ಹೇಳಿದರು. ನಾನೂ ಅದನ್ನೇ ಹೇಳಿದೆ. ಅವರು ಕಿವುಡಾದ ಕಿವಿಯನ್ನು ನನ್ನ ಕಡೆ ತಿರುಗಿಸಿ ಕೂತರು.

ಮಾರನೇ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿಯ ಮುಂದೆ ಜೀಪು ನಿಂತಿತು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ನಂಜಪ್ಪನೂ ಇದ್ದ, ಎಡಗೈಯಲ್ಲಿ ಕ್ಯಾನು ಹಿಡಿದು. ಮೇಡಂ ಸುತ್ತುಬಳಸದೆ ಹೇಳಿದರು:

“ಇದೇ ಜಾಗದಲ್ಲಿ ನಾನು ತಾಯಾಣೆ ಇಟ್ಟಿದ್ದೆ. ಅದು ಸುಳ್ಳಾಗಿದೆ. ಒಂದು ತಳಿಯಲ್ಲಿ ಹೊರಗಿನ ಚೂರು ಉಳಿದಿತ್ತು. ನನಗೆ ಈಗ ಗೊತ್ತಾಯ್ತು. ಅದನ್ನ ಸುಟ್ಟು ಬಂದಿದ್ದೀನಿ.”

ತಮ್ಮಯ್ಯ ಮುಂದೆ ಬಂದ. “ಅಂದ್ರೆ ಅವತ್ತು ನಾವು ಮಾಡಿದ್ದೇ ಸರಿ ಅಂತಾಯ್ತು.”

“ಇಲ್ಲ. ನಿನ್ನ ಹಸು ಸತ್ತಿದ್ದು ಜೋಳ ತಿಂದು. ಅದು ಯಾವತ್ತೂ ಸುಳ್ಳಾಗಲ್ಲ. ನೀನು ಏನೂ ಗೊತ್ತಿಲ್ದೆ ಕಲ್ಲು ಹೊಡೆಸಿದೆ. ನಾನು ಪೂರ್ತಿ ಗೊತ್ತಿಲ್ದೆ ಆಣೆ ಇಟ್ಟೆ. ನಿನ್ನದು ನಿನಗೆ, ನನ್ನದು ನನಗೆ.”

ತಮ್ಮಯ್ಯ ಕೈ ಬೀಸಿ ಕಪಾಳಕ್ಕೆ ಹೊಡೆದ. ಅವರು ಒಂದು ಹೆಜ್ಜೆ ಓಲಾಡಿ, ಡೈರಿಯ ಕಂಬ ಹಿಡಿದು ನಿಂತರು. ತುಟಿ ಒಡೆದಿತ್ತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ, ಆ ಕೈ ಏಳುವುದನ್ನು ಕಾಯುತ್ತ. ಏಳಲಿಲ್ಲ. ಅಷ್ಟು ವರ್ಷಗಳಲ್ಲಿ ಪೆಟ್ಟು ತಿಂದು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. “ಆಯ್ತಾ?” ಎಂದು ತಮ್ಮಯ್ಯನನ್ನು ಕೇಳಿ, ನಿಧಾನಕ್ಕೆ ನಡೆದು ಜೀಪು ಹತ್ತಿದರು. ನಂಜಪ್ಪ ಕ್ಯಾನು ಹಿಡಿದು ಹಾಗೇ ನಿಂತಿದ್ದ.

ಮೇಲಿನವರು ಕೆಲಸವನ್ನು ಒಂದು ವರ್ಷ ನಿಲ್ಲಿಸಿದರು. ಆಮೇಲೆ, ಹೊರಗಿನ ಚೂರಿಲ್ಲದ ಉಳಿದ ತಳಿಗಳನ್ನು ಕೇಂದ್ರದ ಹೊಲದೊಳಗೆ ಮಾತ್ರ ಬೆಳೆಯಲು ಬಿಟ್ಟರು. ಆ ವರ್ಷವೇ ಮಂಜು ಬಿಡದೆ ಇಳಿದು, ತಾಲ್ಲೂಕಿನ ರಾಗಿಯೆಲ್ಲ ಬೆಂಕಿ ರೋಗಕ್ಕೆ ಕಪ್ಪಾಯಿತು. ಕೇಂದ್ರದ ಹೊಲದಲ್ಲಿ ಹೋಲಿಕೆಗೆಂದು ಹಾಕಿದ್ದ ಹಳೇ ತಳಿಯ ಮಡಿಗಳು ಸುಟ್ಟು ಬಾಗಿದ್ದವು. ಅವುಗಳ ನಡುವೆ ಮೇಡಂ ತಿದ್ದಿದ ರಾಗಿ ತೆನೆ ತುಂಬಿ ನಿಂತಿತ್ತು. ಅವರು ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಬೇಲಿಯ ಪಕ್ಕ ನಿಂತು, ಆಚೆ ರಸ್ತೆಯುದ್ದಕ್ಕೂ ಕಪ್ಪಾದ ಹೊಲಗಳನ್ನು ನೋಡುತ್ತ ಹಲ್ಲು ಕಚ್ಚುತ್ತಿದ್ದರು.

ನಂಜಪ್ಪ ಬಂದದ್ದು ಆಗಲೇ. ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದ. ಗಲಾಟೆಯಾದ ಮೇಲೆ ಅವರ ಜೊತೆ ಅವನು ಮಾತಾಡಿದ್ದು ಅದೇ ಮೊದಲು. ಬಲೆಯ ಬಾಗಿಲಲ್ಲಿ ನಿಂತು ಒಳಗಿನ ತೆನೆಗಳನ್ನು ಬಹಳ ಹೊತ್ತು ನೋಡಿದ.

“ನನ್ನ ಹೊಲ ಪೂರಾ ಹೋಯ್ತು. ಬಿತ್ತನೆಗೆ ಒಂದ್ ಹಿಡಿ ಕೊಡಿ.”

“ಕೊಡಕ್ಕಾಗಲ್ಲ ನಂಜಪ್ಪ. ಇನ್ನೂ ಪರೀಕ್ಷೆ ಇದೆ. ಎಲ್ಲಾ ಮುಗಿದು, ಸರ್ಕಾರ ಬಿಡುಗಡೆ ಮಾಡೋವರೆಗೂ ಯಾರಿಗೂ ಇಲ್ಲ.”

ಅವನು ಬಲಗೈಯನ್ನು ಅವರ ಮುಖದ ಮುಂದೆ ಎತ್ತಿ ಹಿಡಿದ. “ನನ್ನ ಬೆರಳು ತಗೊಂಡ್ರಿ. ಒಂದ್ ಹಿಡಿ ರಾಗಿ ಕೊಡಲ್ವಾ?”

ನಾನು ಪಕ್ಕಕ್ಕೆ ತಿರುಗಿಕೊಂಡೆ. “ಕೊಡಲ್ಲ” ಅಂದರು. “ಒಂದ್ಸಲ ಪೂರ್ತಿ ಗೊತ್ತಿಲ್ದೆ ಮಾತು ಕೊಟ್ಟಿದ್ದೀನಿ. ಅದು ಸಾಕು. ಬೇಕಾದ್ರೆ ನನ್ನ ಕೈ ಕಡ್ಕೊಂಡು ಹೋಗು. ಬೀಜ ಕೊಡಲ್ಲ.”

ನಂಜಪ್ಪ ನೆಲಕ್ಕೆ ಉಗಿದು, ತಿರುಗಿ ಹೋದ. ಅವನು ಹೋದ ಮೇಲೆ ಅವರು ಬಲೆಯ ಕಂಬಕ್ಕೆ ಹಣೆ ಚಚ್ಚಿಕೊಂಡರು. ನಾನು ಎಳೆದು ಕೂರಿಸಬೇಕಾಯಿತು. ನಿವೃತ್ತರಾಗುವವರೆಗೂ ಪರೀಕ್ಷೆಗಳು ನಡೆಯುತ್ತಲೇ ಇದ್ದವು. ಈಗಲೂ ನಡೆಯುತ್ತಿವೆ.

ಹಳೇಬೀಡಿನಲ್ಲಿ ಮಣ್ಣು ಮಾಡುವ ಹೊತ್ತಿಗೆ ಹೊಲದ ಅಂಚಿನಲ್ಲಿ ನಂಜಪ್ಪ ನಿಂತಿದ್ದ. ಸುದ್ದಿಯನ್ನು ನಾನೇ ಫೋನಿನಲ್ಲಿ ಹೇಳಿದ್ದೆ, ಬರುತ್ತಾನೆಂದು ಮಾತ್ರ ಎಣಿಸಿರಲಿಲ್ಲ. ಎಲ್ಲ ಮುಗಿದ ಮೇಲೆ ಇಬ್ಬರೂ ಬಸ್‌ ನಿಲ್ದಾಣದವರೆಗೆ ಜೊತೆಯಲ್ಲೇ ನಡೆದೆವು. ಗುಡಿ ನೋಡಲು ಬಂದ ಶಾಲೆಯ ಮಕ್ಕಳು ರಸ್ತೆ ತುಂಬ ಗದ್ದಲ ಮಾಡುತ್ತಿದ್ದರು. ಅವನು ಒಂದು ಕಡೆ ನಿಂತು ಬೀಡಿ ಹಚ್ಚಿದ.

“ಅವತ್ತು ನಾನು ರಾಗಿ ಕೇಳಿದ್ದು ಬಿತ್ತಕ್ಕಲ್ಲ ಕಣ್ರೀ” ಅಂದ.

“ಮತ್ಯಾತಕ್ಕೆ?”

“ಬೆಳೆ ಹೋಗಿದ್ದು ನಿಜವೇ. ಆದ್ರೆ ಡೈರಿ ಮುಂದೆ ಆಯಮ್ಮ ಹೇಳಿದ್ದು ನಿಜವೋ ನಾಟಕವೋ ಅಂತ ನನ್ಗೆ ಗೊತ್ತಾಗ್ಬೇಕಿತ್ತು. ಈ ಕೈ ತೋರ್ಸಿದ್ರೆ ಯಾರಾದ್ರೂ ಕೊಟ್ಬಿಡೋರು. ಕೊಟ್ಟಿದ್ರೆ ಅಲ್ಲೇ ಮಕಕ್ಕೆ ಎರಚಿ ಬತ್ತಿದ್ದೆ.”

“ಕೊಡಲಿಲ್ಲವಲ್ಲ.”

“ಕೊಡ್ಲಿಲ್ಲ” ಅಂದ. ಬಾಣಾವರದ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು, ಎಡಗೈಯಲ್ಲಿ ಕಂಬಿ ಹಿಡಿದು, ನನ್ನ ಕಡೆ ತಿರುಗಿದ. “ಅದಕ್ಕೇ ಮಣ್ಣಿಗೆ ಬಂದೆ.”